ಎಂಟು ಹಿತ್ತಲು, ಒಂದು ಹಾಸು

ಫೆಬ್ರುವರಿ ೧೨, ೨೦೨೩, ರವಿವಾರ. ಬೆಟಗೇರಿ, ನಡುವಿನ ಓಣಿಯ ಸಮುದಾಯ ಭವನ. ಓಣಿಯ ಹಿರಿತನ ಹೊತ್ತು ಅರವತ್ತು ವರ್ಷ ತುಂಬಿದ್ದಕ್ಕಾಗಿ ಗೋಪಣ್ಣನವರಿಗೆ ಸನ್ಮಾನ. ಸನ್ಮಾನಕ್ಕೆ ಅವರ ಉತ್ತರ.

ಈ ಸಭೆಯ ಅಧ್ಯಕ್ಷರೂ ಓಣಿಯ ಸಮಿತಿಯ ಅಧ್ಯಕ್ಷರೂ ಆದ ಸುನಿಲಕುಮಾರ ಅವರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ನನ್ನ ಬಾಲ್ಯದ ಗೆಳೆಯ, ನೂಲಿಗೆ ಬಣ್ಣ ಹಾಕುವ ಮನೆತನದ ಮಹಬೂಬಸಾಬ ಅವರೇ, ತಾಯಂದಿರೇ, ಓಣಿಯ ಬಂಧುಗಳೇ, ಒಳಗೆ ಜಾಗ ಸಾಲದೆ ಚಪ್ಪಲಿಗಳ ಹತ್ತಿರ ನಿಂತೇ ಕೇಳುತ್ತಿರುವ ಸಭಿಕರೇ,

ಮೊದಲಿಗೆ ಒಂದು ತಿದ್ದುಪಡಿ. ಗದಗಿನ ಒಂದು ಮುದ್ರಣಾಲಯದಲ್ಲಿ ನಲವತ್ತು ವರ್ಷ ಕರಡು ತಿದ್ದಿದವನು ನಾನು. ತಪ್ಪು ಕಂಡರೆ ಸುಮ್ಮನಿರುವುದು ಆಗುವುದಿಲ್ಲ. ಆಮಂತ್ರಣ ಪತ್ರಿಕೆಯಲ್ಲಿ ನನ್ನನ್ನು 'ಹಿರಿಯ ನೇಕಾರರು' ಎಂದು ಅಚ್ಚು ಹಾಕಿಸಿದ್ದೀರಿ. ನಾನು ನೇಕಾರನಲ್ಲ. ನೇಕಾರನ ಮಗ, ನೇಕಾರನ ಮೊಮ್ಮಗ, ಅಷ್ಟೆ. ಈ ಅರವತ್ತೈದು ವರ್ಷಗಳಲ್ಲಿ ಒಂದು ಗೇಣು ಬಟ್ಟೆಯನ್ನೂ ನೇಯ್ದಿಲ್ಲ. ಬೆಟಗೇರಿಯ ಈ ಓಣಿಯಲ್ಲಿ ಹುಟ್ಟಿಯೂ ನೇಯದೆ ಉಳಿದದ್ದು ಹೇಗೆ? ಇವತ್ತು ಅದನ್ನೇ ಹೇಳಬೇಕೆಂದಿದ್ದೇನೆ.

ಸಮಿತಿಯವರು ಹತ್ತು ನಿಮಿಷ ಕೊಟ್ಟಿದ್ದಾರೆ. ಆಮೇಲೆ ಏನಾಗಬೇಕು ಎಂಬುದೂ ಪತ್ರಿಕೆಯಲ್ಲಿದೆ. ಈ ಮೇಜಿನ ಮೇಲೆ ಹಿತ್ತಾಳೆಯ ತಾಟು ಇದೆ. ತಾಟಿನಲ್ಲಿ ಕೆಂಪು ರುಮಾಲು ಇದೆ. ನನ್ನ ತಂದೆಯ ತಲೆಯಲ್ಲಿದ್ದ, ಅವರಿಂದ ನನ್ನ ತಲೆಗೆ ಬಂದ ರುಮಾಲು. ನನ್ನ ಮಾತು ಮುಗಿದ ಕೂಡಲೇ ಅದನ್ನು ನನ್ನ ಮೊಮ್ಮಗ ಆನಂದನ ತಲೆಗೆ ಸುತ್ತುವುದು, ಹಿರಿತನ ಅವನಿಗೆ ಬರುವುದು. ಆನಂದನಿಗೆ ಐದು ವರ್ಷ. ಅಲ್ಲಿ ಅವನ ತಾಯಿ, ನನ್ನ ಒಬ್ಬಳೇ ಮಗಳು ಕಲ್ಪನಾಳ ತೊಡೆಯ ಮೇಲೆ ಕುಳಿತು ನನಗೆ ಕೊಟ್ಟ ಹಾರದ ಹೂವು ಕೀಳುತ್ತಿದ್ದಾನೆ. ಕೀಳಲಿ.

ನನಗೆ ಈ ರುಮಾಲು ಸುತ್ತಿದಾಗಲೂ ಐದೇ ವರ್ಷ. ೧೯೬೩. ತಂದೆ ತೀರಿಕೊಂಡು ಹದಿಮೂರು ದಿನವಾಗಿತ್ತು. ಹಿರಿತನ ಒಂದು ದಿನವೂ ಖಾಲಿ ಇರಬಾರದು ಎಂದು ಹೇಳುತ್ತ ಹೇಳುತ್ತ ಹದಿಮೂರು ದಿನ ಖಾಲಿ ಇಟ್ಟಿದ್ದರು. ನಮ್ಮ ಅಧ್ಯಕ್ಷರ ಅಜ್ಜ ಹುಚ್ಚೀರಪ್ಪನವರು, ನಾನು ಕಾಕಾ ಎನ್ನುತ್ತಿದ್ದೆ, ನನ್ನನ್ನು ಕಟ್ಟೆಯ ಮೇಲೆ ಕೂಡಿಸಿ ರುಮಾಲು ಸುತ್ತಿದರು. ಅದು ಹುಬ್ಬು ದಾಟಿ ಕಣ್ಣಿನ ಮೇಲೆ ಬಂತು. ನನಗೆ ಏನೂ ಕಾಣಲಿಲ್ಲ; ಹೋ ಎಂದು ಅತ್ತೆ. ಕತ್ತಲಲ್ಲಿ ಕಾಕಾನ ದನಿ ಮಾತ್ರ ಕೇಳಿಸಿತು.

"ಹಿರ್ಯಾರ, ಮೂಗು ಒರಸ್ಕೋರಿ."

ಅಲ್ಲಿಂದ ನನ್ನನ್ನು ಯಾರೂ ಹೆಸರು ಹಿಡಿದು ಕರೆಯಲಿಲ್ಲ. ಹಿರ್ಯಾರ ಉಂಡ್ರಿ? ಹಿರ್ಯಾರ ಚಡ್ಡಿ ಏರಿಸ್ಕೋರಿ. ಹಿರ್ಯಾರ ಗಿಡಾ ಏರಬ್ಯಾಡ್ರಿ, ಬೀಳ್ತೀರಿ. ಅರವತ್ತು ವರ್ಷದ ಮುದುಕರು ನಾನು ಬಂದರೆ ಎದ್ದು ನಿಲ್ಲುತ್ತಿದ್ದರು. ಮಹಬೂಬಸಾಬ ಒಬ್ಬನೇ, ನನ್ನ ಓರಗೆಯವನು, ಯಾರೂ ಇಲ್ಲದಾಗ "ಲೇ ಗೋಪ್ಯಾ" ಎನ್ನುತ್ತಿದ್ದ; ಮಂದಿಯ ಎದುರು ಏನೂ ಕರೆಯುತ್ತಿರಲಿಲ್ಲ. ಅದನ್ನು ಕೇಳುವುದಕ್ಕಾಗಿಯೇ ನಾನು ಅವರ ಬಣ್ಣದ ಹಂಡೆಗಳ ಹತ್ತಿರ ಹೋಗುತ್ತಿದ್ದೆ.

ಹಿರಿತನಕ್ಕೆ ಒಂದು ಕೆಲಸವಿತ್ತು, ಒಂದು ಕಟ್ಟಳೆ ಇತ್ತು. ಕೆಲಸ ಇದು. ಬನದ ಹುಣ್ಣಿಮೆಯ ಮರುದಿನ ಓಣಿಯ ಪ್ರತಿ ಮನೆಯ ಹಿತ್ತಲಿಗೂ ಹೋಗಬೇಕು. ಅಲ್ಲಿ ವರ್ಷದ ಮೊದಲ ಹಾಸನ್ನು ಗೂಟಗಳ ನಡುವೆ ಬಿಗಿದಿರುತ್ತಾರೆ. ಚಿಕ್ಕವರಿಗಾಗಿ ಹೇಳುತ್ತೇನೆ: ಹಾಸು ಎಂದರೆ ಸೀರೆಯ ಉದ್ದಕ್ಕೆ ಓಡುವ ಎಳೆಗಳು. ಅವಕ್ಕೆ ಗಂಜಿ ಹಚ್ಚಿ ಒಣಗಿಸಿ ಆಮೇಲೆ ಮಗ್ಗಕ್ಕೆ ಏರಿಸುತ್ತಾರೆ. ಹಿರಿಯನು ಬಲಗೈಯನ್ನು ಅರಿಶಿಣದಲ್ಲಿ ಅದ್ದಿ ಆ ಎಳೆಗಳ ಮೇಲೆ ಒಮ್ಮೆ ಊರಬೇಕು. ಆ ಸೀರೆಯನ್ನು ಮಾರುವುದಿಲ್ಲ. ಮನೆಯ ಹೆಣ್ಣುಮಕ್ಕಳು ಉಡುತ್ತಾರೆ. ನನ್ನ ಐದನೆಯ ವರ್ಷದ ಕೈ, ಆರನೆಯ ವರ್ಷದ ಕೈ, ಏಳನೆಯ ವರ್ಷದ ಕೈ, ಹೀಗೆ ಈ ಓಣಿಯ ತಾಯಂದಿರ ಸೆರಗಿನಲ್ಲಿ ನಾನು ದೊಡ್ಡವನಾದೆ. ನನ್ನ ಬಲಗೈಯ ಕಿರುಬೆರಳು ಹುಟ್ಟಿನಿಂದಲೇ ಸೊಟ್ಟ. ಇಗೋ, ದೂರದವರಿಗೂ ಕಾಣಬಹುದು. ಯಾವ ಸೀರೆಯಲ್ಲಿದ್ದರೂ ನನ್ನ ಕೈಯ ಗುರುತು ನನಗೆ ಸಿಗುತ್ತಿತ್ತು.

ಕಟ್ಟಳೆ ಇದು. ಹಿರಿತನ ಹೊತ್ತವನು ಮಗ್ಗದ ಕೋಣೆಗೆ ಕಾಲಿಡಬಾರದು. ಯಾರ ಬಟ್ಟೆ ಚಲೋ, ಯಾರದು ಕಡಿಮೆ ಎಂದು ನ್ಯಾಯ ಹೇಳಬೇಕಾದವನು ತಾನು ನೇಯಬಾರದು, ನೇಯುವುದನ್ನು ನೋಡಲೂಬಾರದು. ಹಿಂದಿನವರು ಯೋಚಿಸಿಯೇ ಮಾಡಿದ್ದಾರೆ. ಆದರೆ ಹಿಂದಿನವರು ದೊಡ್ಡವರಾದ ಮೇಲೆ, ನೇಯ್ಗೆ ಕಲಿತ ಮೇಲೆ, ಮುಪ್ಪಿಗೆ ರುಮಾಲು ಸುತ್ತಿಕೊಂಡವರು. ನನ್ನ ತಂದೆಯೂ ಹಾಗೆಯೇ. ಐದು ವರ್ಷದವನಿಗೆ ಸುತ್ತಿದರೆ ಆ ಕಟ್ಟಳೆ ಏನಾಗುತ್ತದೆ ಎಂದು ಯಾರಾದರೂ ಯೋಚಿಸಿದರೇ? ಗೊತ್ತಿಲ್ಲ. ಯೋಚಿಸಿದ್ದರೆ ನನಗೆ ಹೇಳಲಿಲ್ಲ.

ಏಳನೆಯ ವಯಸ್ಸಿನಲ್ಲಿ ಒಂದು ಸಲ ಕದ್ದು ಹುಚ್ಚೀರಪ್ಪ ಕಾಕಾನ ಮಗ್ಗದ ಕುಣಿಯೊಳಗೆ, ನೇಯುವವರು ಕಾಲು ಇಳಿಬಿಡುವ ಗುಂಡಿಯೊಳಗೆ, ಇಳಿದಿದ್ದೆ. ಹೊರಗೆ ಬೇಸಿಗೆ, ಕುಣಿಯೊಳಗೆ ಮಾತ್ರ ತಂಪು. ಕಾಲು ಮಗ್ಗದ ತುಳಿಯುವ ಹಲಗೆಗೆ ಎಟುಕಲಿಲ್ಲ. ಲಾಳಿಯನ್ನು ಮುಟ್ಟಿದೆ, ಅದು ಯಾರದೋ ಕೈಯಿಂದ ಈಗಷ್ಟೇ ಬಂದಂತೆ ಬೆಚ್ಚಗಿತ್ತು. ಅಷ್ಟರಲ್ಲಿ ಕಾಕಾ ಬಂದರು. ಬೈಯಲಿಲ್ಲ. ಕಂಕುಳಿಗೆ ಕೈ ಹಾಕಿ ಎತ್ತಿ ಹೊರಗಿಟ್ಟು ಕೈ ಮುಗಿದರು.

"ಹಿರ್ಯಾರ, ಇದು ನಿಮ್ಮ ಜಾಗಾ ಅಲ್ರಿ."

ಬೈದಿದ್ದರೆ ಮರೆತುಬಿಡುತ್ತಿದ್ದೆ. ಕೈ ಮುಗಿದದ್ದಕ್ಕೆ ಇನ್ನೂ ನೆನಪಿದೆ.

ಸಭಿಕರೇ, ಈಗ ೧೯೬೮ಕ್ಕೆ ಬರುತ್ತೇನೆ. ನನಗೆ ಹತ್ತು ವರ್ಷ. ಬನದ ಹುಣ್ಣಿಮೆಯ ಮರುದಿನ. ಓಣಿಯಲ್ಲಿ ಆಗ ಹನ್ನೆರಡು ಮನೆ. ಹನ್ನೆರಡರಲ್ಲೂ ಮಗ್ಗ ಇದೆ ಎಂದು ನಾನು ತಿಳಿದಿದ್ದೆ. ಒಳಗೆ ಹೋಗಿ ನೋಡುವಂತಿಲ್ಲವಲ್ಲ! ಸದ್ದೋ, ಬೇಕಾದಷ್ಟು ಬರುತ್ತಿತ್ತು. ಆ ಸದ್ದು ಹಿಂದಿನ ಓಣಿಯ ಪವರ್‌ಲೂಮಿನದು ಎಂದು ಯಾರೂ ಹೇಳಿರಲಿಲ್ಲ.

ಮೊದಲ ನಾಲ್ಕು ಮನೆಯಲ್ಲಿ ಎಲ್ಲ ಎಂದಿನಂತೆ. ಹಿತ್ತಲು, ಹಾಸು, ಅರಿಶಿಣ, ಕೈ. ಐದನೆಯ ಮನೆಯಿಂದ ಒಂದು ಹೊಸ ಉಪಚಾರ ಶುರುವಾಯಿತು. ಹಿತ್ತಲಿಗೆ ಹೋಗುವ ಮೊದಲು ಪಡಸಾಲೆಯಲ್ಲಿ ಕೂಡಿಸಿ ಒಂದು ಲೋಟ ಹಾಲು. ಆರನೆಯ ಮನೆಯಲ್ಲಿ ಹಾಲಿನ ಜೊತೆ ಬಾಳೆಹಣ್ಣು. ಏಳನೆಯ ಮನೆಯಲ್ಲಿ ನಾನು "ಸಾಕು" ಎಂದೆ. ಕಾಕಾ, "ಹಂಗ ಅನಬಾರ್ದ್ರಿ ಹಿರ್ಯಾರ, ಅಂತೂರ ಬೆಂತೂರದಿಂದ ತರಿಸಿದ ಹಾಲು, ಸಾವಕಾಶ ಕುಡೀರಿ, ಗಡಿಬಿಡಿ ಏನೈತಿ" ಎಂದರು. ಗಡಿಬಿಡಿ ನನಗಿರಲಿಲ್ಲ. ಹಿತ್ತಲಿನಲ್ಲಿ ಇತ್ತು.

ಏಳನೆಯ ಮನೆಯ ಹಿತ್ತಲಿಗೆ ಹೋದೆ. ಗೂಟಗಳ ನಡುವೆ ನಾಲ್ಕು ಮೊಳ ಮಾತ್ರ ಹಾಸು ಬಿಗಿದಿತ್ತು. ಉಳಿದದ್ದು ಸುರುಳಿ ಸುತ್ತಿ ಕೆಳಗಿಟ್ಟಿತ್ತು. ಕೈ ಎತ್ತಿದೆ. ನಾನು ಕೈ ಊರಬೇಕಾದ ಜಾಗದಲ್ಲಿ ಆಗಲೇ ಒಂದು ಹಳದಿ ಕೈ ಇತ್ತು. ಹಸಿಯಾಗಿತ್ತು. ಪಕ್ಕದಲ್ಲಿ ಇನ್ನೊಂದು, ಸ್ವಲ್ಪ ಒಣಗಿದ್ದು. ಎರಡರಲ್ಲೂ ಕಿರುಬೆರಳು ಸೊಟ್ಟ.

ಒಗೆಯುವ ಕಲ್ಲಿನ ಹಿಂದೆ ಯಾರೋ ತೇಕುತ್ತಿದ್ದರು. ಬಗ್ಗಿ ನೋಡಿದೆ. ಮಹಬೂಬ. ಅಂಗಿ ಬೆವರಿನಲ್ಲಿ ಒದ್ದೆ, ಹೆಗಲ ಮೇಲೆ ಗಂಜಿ.

"ಯಾಕಲೇ ತೇಕಾಕ ಹತ್ತೀದಿ?" ಎಂದೆ.

"ಏನಿಲ್ರಿ ಹಿರ್ಯಾರ," ಎಂದ, "ನಾಯಿ ಬೆನ್ನ ಹತ್ತಿತ್ತು."

ಅವನು ನನ್ನನ್ನು ಹಿರ್ಯಾರ ಎಂದು ಕರೆದದ್ದು ಅದೇ ಮೊದಲು. ಅದೇ ಕೊನೆ ಕೂಡ. ಈಗ ಮುಂದಿನ ಸಾಲಿನಲ್ಲಿ ಟೊಪ್ಪಿಗೆ ಸರಿಮಾಡಿಕೊಳ್ಳುತ್ತಿದ್ದಾನೆ. ಮಹಬೂಬಸಾಬರೇ, ಐವತ್ತೈದು ವರ್ಷವಾಯಿತು. ಆ ನಾಯಿ ಯಾವುದು ಎಂದು ನಾನು ಕೇಳುವುದಿಲ್ಲ.

ಪವರ್‌ಲೂಮ್ ಬಂದ ಮೇಲೆ ಆ ಒಂದು ವರ್ಷದಲ್ಲೇ ಎಂಟು ಮನೆಗಳ ಮಗ್ಗ ಹೋಗಿದ್ದವು. ಕುಣಿ ಮುಚ್ಚಿ ಮೇಲೆ ಧಾನ್ಯದ ಚೀಲ ಇಟ್ಟಿದ್ದರು. ಹತ್ತು ವರ್ಷದ ಹಿರಿಯರಿಗೆ ಗೊತ್ತಾಗದಿರಲಿ ಎಂದು ಓಣಿಗೆ ಓಣಿಯೇ ಸೇರಿ, ಕಾಕಾ ತಮ್ಮ ಮನೆಯ ಹಾಸಿನ ಹೊರತಾಗಿ ಸಿದ್ಧಮಾಡಿದ್ದ ಇನ್ನೊಂದೇ ಹಾಸನ್ನು ಹಿತ್ತಲಿಂದ ಹಿತ್ತಲಿಗೆ ಹೊತ್ತು, ಗೋಡೆ ಹಾರಿ, ನನಗಿಂತ ಮುಂಚೆ ಹೋಗಿ ಬಿಗಿಯುತ್ತಿದ್ದರು. ಗುರುತು ಬಿದ್ದ ಭಾಗವನ್ನು ಸುರುಳಿಯೊಳಗೆ ಮುಚ್ಚುವುದಕ್ಕೆ ಏಳನೆಯ ಮನೆಯಿಂದ ಹೊತ್ತು ಸಾಲಲಿಲ್ಲ. ಮುಂದಿನ ಬಾಗಿಲಿನಲ್ಲಿ ನನಗೆ ಹಾಲು. ಹಿಂದಿನ ಬಾಗಿಲಿನಲ್ಲಿ ಹಾಸಿನ ಓಟ.

ನಾನೇನು ಮಾಡಿದೆ? ಕೂಗಿದೆನೇ? ರುಮಾಲು ಬಿಚ್ಚಿ ಒಗೆದೆನೇ? ಕೇಳಿದೆನೇ? ಇಲ್ಲ. ಆ ಹಸಿ ಕೈಯ ಮೇಲೆಯೇ, ಬೆರಳಿಗೆ ಬೆರಳು ಕೂಡಿಸಿ, ನನ್ನ ಕೈ ಊರಿದೆ. ಎಂಟನೆಯ ಮನೆಯಲ್ಲೂ ಅದೇ ಜಾಗದಲ್ಲಿ. ಒಂಬತ್ತನೆಯದರಲ್ಲೂ. ಹನ್ನೆರಡರ ತನಕ. ಹುಚ್ಚೀರಪ್ಪ ಕಾಕಾ ಪಕ್ಕದಲ್ಲೇ ನಿಂತು ನೋಡಿದರು. ಪ್ರತಿ ಸಲ ನನ್ನ ಕೈಯನ್ನು ತಮ್ಮ ಧೋತರದ ಅಂಚಿನಿಂದ ಒರೆಸಿದರು.

ಆಮೇಲಿನ ವರ್ಷ ಹೊತ್ತು ಓಡುವ ತಾಪತ್ರಯ ಬೇಡವೆಂದು ಎಲ್ಲ ಮನೆಯ ಹೆಸರಿನಲ್ಲಿ ಒಂದೇ ಹಾಸನ್ನು ಓಣಿಯ ಗುಡಿಯ ಅಂಗಳದಲ್ಲೇ ಬಿಗಿಯುವ ಪದ್ಧತಿ ಬಂತು. ನಾನು ಅದಕ್ಕೂ ಒಪ್ಪಿದೆ. ಹಿರಿಯನಾಗಿ ನಾನು ಒಪ್ಪಿದ ಮೊದಲ ಸುಧಾರಣೆ ಅದು.

ಈಗ ಈ ಕಥೆಯಲ್ಲಿ ಚೀನಾ ಬರುತ್ತದೆ. ನಗಬೇಡಿ, ಸುನಿಲಕುಮಾರ ಅವರೇ, ಗಡಿಯಾರವನ್ನೂ ನೋಡಬೇಡಿ.

೧೯೯೧ರಲ್ಲಿ ನಮ್ಮ ಮುದ್ರಣಾಲಯಕ್ಕೆ ಒಂದು ದಪ್ಪ ಹಸ್ತಪ್ರತಿ ಬಂತು. ಮುಂಡರಗಿಯ ಇನಾಯತ ಮಾಸ್ತರರು ಎಂಬುವರು ಅನುವಾದಿಸಿದ ಕಾದಂಬರಿ. ಚೀನಾದ ಒಬ್ಬ ಬಾಲಚಕ್ರವರ್ತಿಯ ಕಥೆ. ಇನ್ನೂರ ಅರವತ್ತು ವರ್ಷಕ್ಕೂ ಮೇಲೆ ಆಳಿದ ಮನೆತನ ಮುರಿದು ಬೀಳುವ ಹೊತ್ತಿಗೆ, ಮೂರು ವರ್ಷವೂ ತುಂಬದ ಕೂಸನ್ನು ಸಿಂಹಾಸನದ ಮೇಲೆ ಕೂಡಿಸಿದರು. ಕೂಸು ಅತ್ತಿತು. ತಂದೆ ಪಕ್ಕದಲ್ಲಿ ಮೊಣಕಾಲೂರಿ ಹಿಡಿದುಕೊಂಡು, ಅಳಬೇಡ, ಇನ್ನೇನು ಮುಗಿಯುತ್ತದೆ, ಎಂದು ಸಮಾಧಾನ ಮಾಡಿದರಂತೆ. ಕೇಳಿಸಿಕೊಂಡ ಸಭೆ ಅದನ್ನು ಅಪಶಕುನ ಎಂದುಕೊಂಡಿತು. ಮೂರು ವರ್ಷ ಎರಡು ತಿಂಗಳಿಗೆ ಮುಗಿದೇ ಹೋಯಿತು. ಆರು ವರ್ಷದವನ ಹೆಸರಿನಲ್ಲಿ ರಾಜಮಾತೆ ಪಟ್ಟ ಬಿಟ್ಟುಕೊಟ್ಟಳು. ಆ ದಿನ ೧೯೧೨ರ ಫೆಬ್ರುವರಿ ಹನ್ನೆರಡು. ಸಮಿತಿಯವರು ರವಿವಾರ ಬಿತ್ತೆಂದು ಇವತ್ತಿನ ದಿನ ಆರಿಸಿದ್ದು. ನನಗೆ ಮಾತ್ರ ಪತ್ರಿಕೆ ಕೈಗೆ ಬಂದಾಗ ಆ ತಾರೀಖೇ ಮೊದಲು ಕಂಡಿತು. ಇವತ್ತಿಗೆ ಸರಿಯಾಗಿ ನೂರ ಹನ್ನೊಂದು ವರ್ಷ.

ಕರಡಿನಲ್ಲಿ ಒಂದು ಕಡೆ ನನಗೆ ತೊಡಕು ಬಂತು. ಪಟ್ಟ ಹೋದ ಮೇಲಿನ ಅಧ್ಯಾಯಗಳಲ್ಲೂ ಅರಮನೆಯವರು ಆ ಹುಡುಗನ ಆಳಿಕೆಯ ನಾಲ್ಕನೆಯ ವರ್ಷ, ಐದನೆಯ ವರ್ಷ ಎಂದು ಎಣಿಸುತ್ತಿದ್ದರು. ನಾನು ಅಂಚಿನಲ್ಲಿ ಕೆಂಪು ಶಾಯಿಯಿಂದ 'ಆಳಿಕೆ ಮುಗಿದಿದೆ, ವರ್ಷ ತಪ್ಪಿದೆ' ಎಂದು ಬರೆದು ಕಳಿಸಿದೆ. ಇನಾಯತ ಮಾಸ್ತರರಿಂದ ಒಂದು ಕಾರ್ಡು ಬಂತು. ನಾಲ್ಕು ಸಾಲು. 'ತಪ್ಪಿಲ್ಲ. ಗೋಡೆಯ ಹೊರಗೆ ಗಣರಾಜ್ಯ. ಗೋಡೆಯ ಒಳಗೆ ಅವನದೇ ವರ್ಷ. ಹಾಗೇ ಬಿಡಿ.'

ಹಾಗೇ ಬಿಟ್ಟೆ. ಆದರೆ ಅವತ್ತು ಮುಂದಿನ ಪುಟ ತಿದ್ದಲಾಗಲಿಲ್ಲ. ಅರ್ಧ ದಿನದ ರಜೆ ಹಾಕಿ ಮನೆಗೆ ಬಂದೆ. ನನ್ನ ತಾಯಿ ಮಲ್ಲವ್ವ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು.

"ಅವ್ವಾ," ಎಂದೆ, "ಎಂಟು ಮನಿ ಮಗ್ಗ ಹೋಗಿದ್ದು ನನಗ್ಯಾಕ ಹೇಳಲಿಲ್ಲ?"

ಇಪ್ಪತ್ಮೂರು ವರ್ಷದ ಹಿಂದಿನ ಮಾತು. ಯಾವ ಮಗ್ಗ, ಯಾವ ಮನೆ ಎಂದು ಅವಳು ಕೇಳಲಿಲ್ಲ. ಕೈ ನಿಲ್ಲಿಸದೆಯೇ ಅಂದಳು:

"ನೀ ಯಾಕ ಕೇಳಲಿಲ್ಲ?"

ಅವಳು ಒಳಗೆ ಹೋಗಿ ಟ್ರಂಕಿನಿಂದ ಒಂದು ಸೀರೆ ತಂದು ಹರವಿದಳು. ಕಾಕಾ ಆ ಹಾಸನ್ನು ನೇಯ್ದು ಅವಳಿಗೆ ಕೊಟ್ಟಿದ್ದರಂತೆ. ಅಂಚಿಗೆ ನೇರಳೆ ದಡಿ. ಅವಳು ಅದನ್ನು ಹಬ್ಬಕ್ಕೆ ಉಟ್ಟದ್ದನ್ನು ನೋಡಿದ್ದೆ. ಹಳದಿ ಗುರುತು ನಿರಿಗೆಯ ಒಳಗೆ ಬರುವಂತೆ ಉಡುತ್ತಿದ್ದಳೆಂದು ಗೊತ್ತಿರಲಿಲ್ಲ. ಎರಡು ಕೈ ಇದ್ದವು. ಒಂದು ತೆಳು. ಇನ್ನೊಂದು ಏಳು ಸಲ ಊರಿ ದಟ್ಟವಾದದ್ದು.

"ನಿನಗ ಗೊತ್ತಾಗಿರಲಿಲ್ಲಂದ್ರ ಎಂಟು ಕೈ ಇರಬೇಕಾಗಿತ್ತಲ್ಲೋ," ಎಂದಳು. "ಎರಡ ಅದಾವು. ನಿನಗ ಗೊತ್ತೈತಿ ಅಂತ ನನಗೂ ಗೊತ್ತಿತ್ತು, ನೇಯ್ದ ಹುಚ್ಚೀರಪ್ಪಗೂ ಗೊತ್ತಿತ್ತು. ಅಪ್ಪ ಇಲ್ಲದ ಕೂಸು, ನಾಕು ಮಂದಿ ಎದ್ದು ನಿಲ್ತಾರ, ಅದಾದ್ರೂ ಇರಲಿ ಅಂದ್ವಿ. ನೀನೂ ಸುಮ್ಮನಾದಿ. ನಾವೂ ಸುಮ್ಮನಾದ್ವಿ."

ಸಭಿಕರೇ, ಓಣಿಯವರು ನನಗೆ ಮೋಸ ಮಾಡಿದರು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಅದು ತಪ್ಪು ತಿದ್ದುಪಡಿಯಾಗುತ್ತದೆ. ಪ್ರೀತಿಯಿಂದಲೇ ಗೋಡೆ ಹಾರಿದರು. ನಾನೂ ಪ್ರೀತಿಯಿಂದ ಸುಮ್ಮನಿದ್ದೆ ಎಂದು ಇಷ್ಟು ವರ್ಷ ಹೇಳಿಕೊಂಡೆ. ಅರ್ಧ ಖರೆ. ಇನ್ನರ್ಧ, ನಾನು ಬಂದರೆ ಮುದುಕರು ಎದ್ದು ನಿಲ್ಲುವುದು ನನಗೆ ರುಚಿಸಿತ್ತು. ಅವತ್ತೇ ಕೇಳಿದ್ದರೆ ರುಮಾಲು ಹೋಗುತ್ತಿತ್ತು, ಕುಣಿಗೆ ಇಳಿಯಬಹುದಾಗಿತ್ತು. ಹತ್ತನೆಯ ವಯಸ್ಸು ನೇಯ್ಗೆ ಕಲಿಯುವುದಕ್ಕೆ ತಡವೇನಲ್ಲ. ಕೇಳಲಿಲ್ಲ. ಆಗ ಕೇಳಲಿಲ್ಲ, ಇಪ್ಪತ್ತಕ್ಕೆ ಕೇಳಲಿಲ್ಲ, ತಾಯಿ ಸೀರೆ ಹರವಿದ ಮೇಲೂ ರುಮಾಲು ಇಳಿಸಲಿಲ್ಲ. ಮಗ್ಗಗಳು ಹೋದವು, ಹಿರಿತನ ಉಳಿಯಿತು. ಗುಡಿಯ ಅಂಗಳದ ಪದ್ಧತಿಯೂ ನಿಂತುಹೋಗಿ, ಕಳೆದ ತಿಂಗಳ ಹುಣ್ಣಿಮೆಯ ಮರುದಿನ ಒಂದೇ ಹಿತ್ತಲಿಗೆ ಹೋಗಿ ಬಂದೆ. ಹತ್ತು ನಿಮಿಷವೂ ಹಿಡಿಯಲಿಲ್ಲ.

ಆ ಒಂದು ಮನೆ ಲಕ್ಷ್ಮೀದೇವಿಯದು. ಮೂರನೆಯ ಸಾಲಿನಲ್ಲಿ ಕುಳಿತಿದ್ದಾಳೆ. ಈ ಓಣಿಯಲ್ಲಿ ಈಗ ಕೈಮಗ್ಗ ನಡೆಸುವವಳು ಅವಳೊಬ್ಬಳೇ. ನನ್ನ ಅರಿಶಿಣದ ಕೈ ನೋಡಿ, "ಹಿರ್ಯಾರ, ದಡಿ ಕಡೆ ಊರ್ರಿ, ನಡುವ ಬ್ಯಾಡ್ರಿ, ನನ್ನ ಮಗಳು ಕಾಲೇಜಿಗೆ ಉಟಗೊಂಡು ಹೋಗಾಕಿ" ಎಂದಳು. ಅರವತ್ತು ವರ್ಷದಲ್ಲಿ ಕೈ ಎಲ್ಲಿ ಊರಬೇಕೆಂದು ನನಗೆ ಹೇಳಿದ ಮೊದಲ ನೇಕಾರಳು ಅವಳು. ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ.

ಆ ಚಕ್ರವರ್ತಿ ಮುಂದೆ ಏನಾದ? ದೊಡ್ಡವನಾಗಿ ಅವನು ಮಾಡಿದ ತಪ್ಪುಗಳು ಸಣ್ಣವಲ್ಲ. ಕಳೆದುಹೋದ ಪಟ್ಟದ ಆಸೆಗೆ ಪರದೇಶದವರ ಕೈಗೊಂಬೆಯಾದ, ಸೆರೆಮನೆ ಕಂಡ. ಅದನ್ನು ಮುಚ್ಚಿ ಹೇಳಲಾರೆ. ಆದರೆ ಐವತ್ತು ದಾಟಿದ ಮೇಲೆ ಹೊರಗೆ ಬಂದು ಒಂದು ಸಸ್ಯೋದ್ಯಾನದಲ್ಲಿ ಗಿಡಗಳ ಕೆಲಸಕ್ಕೆ ಸೇರಿದ. ಇನಾಯತ ಮಾಸ್ತರರ ಅನುವಾದದಲ್ಲಿ ಅಲ್ಲಿ ಒಂದು ಸಾಲಿದೆ. ನಾನು ಅಲ್ಪವಿರಾಮವನ್ನೂ ಮುಟ್ಟದೆ ಬಿಟ್ಟ ಸಾಲು: ಎಷ್ಟು ನೀರು ಹಾಕಬೇಕೆಂದು ಅವನು ಮಾಲಿಯನ್ನು ಕೇಳಿದ.

ಕೇಳಿದ! ಹುಟ್ಟಿದಾಗಿನಿಂದ ಎಲ್ಲರೂ ತನ್ನನ್ನೇ ಕೇಳುತ್ತಿದ್ದವನು.

ಇನ್ನು ನಿನ್ನೆಯ ಮಾತು. ಇವತ್ತಿನ ಸಲುವಾಗಿ ಕಲ್ಪನಾ ಆನಂದನಿಗೆ ರುಮಾಲು ಸುತ್ತಿ ನೋಡುತ್ತಿದ್ದಳು. ಅವನಿಗೂ ಹುಬ್ಬು ದಾಟಿ ಕಣ್ಣಿನ ಮೇಲೆ ಬಂತು. ಅವನು ಅಳಲಿಲ್ಲ; ಎರಡು ಕೈಯಿಂದ ಮೇಲೆತ್ತಿ ನನ್ನನ್ನು ನೋಡಿದ.

"ಅಜ್ಜಾ, ಇದನ್ನ ಕಟಗೊಂಡ ಮ್ಯಾಲೆ ನಾ ಏನ ಮಾಡ್ಬೇಕು?"

"ಏನೂ ಮಾಡೂದಿಲ್ಲಪಾ. ವರ್ಷಕ್ಕೊಮ್ಮಿ ಅರಿಶಿಣದ ಕೈ ಊರೂದು."

"ಮತ್ತ ಲಕ್ಷ್ಮೀ ಆಯಿ ಮನ್ಯಾಗ ಕಂಡಿಕಿ ಸುತ್ತೂದು?"

ಶಾಲೆ ಬಿಟ್ಟ ಮೇಲೆ ಅವನು ದಿನಾಲೂ ಲಕ್ಷ್ಮೀದೇವಿಯ ಮಗ್ಗದ ಹತ್ತಿರ ಕುಳಿತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಾನೆ. ಅರ್ಧ ಸುತ್ತುತ್ತಾನೆ, ಅರ್ಧ ಸಿಕ್ಕು ಮಾಡುತ್ತಾನೆ ಎಂದು ಅವಳು ಹೇಳುತ್ತಾಳೆ.

"ಅದು ನಡಿಯಂಗಿಲ್ಲ," ಎಂದೆ. "ಹಿರ್ಯಾರು ಮಗ್ಗದ ಖೋಲಿಗೆ ಹೋಗಬಾರ್ದು."

ಅವನು ರುಮಾಲು ತೆಗೆದು, ಮಡಚಲು ಬಾರದೆ ಉಂಡಿ ಮಾಡಿ, ನನ್ನ ಕೈಗೆ ಕೊಟ್ಟ.

"ಹಂಗಾರ ನೀನ ಇಟಗೋ."

ನಾನು ಹತ್ತು ವರ್ಷಕ್ಕೆ ಆಡಲಾರದ ಮಾತನ್ನು ಅವನು ಐದಕ್ಕೆ ಆಡಿದ. ಅವನ ಮುಂದೆ ಯಾರೂ ಹಾಲಿನ ಲೋಟ ಹಿಡಿಯದಿರಲಿ.

ಅಧ್ಯಕ್ಷರೇ, ಪತ್ರಿಕೆಯ ಕೊನೆಯ ಸಾಲನ್ನು ಹೊಡೆದುಹಾಕಬೇಕೆಂದು ಕೋರುತ್ತೇನೆ. ಆನಂದನಿಗೆ ರುಮಾಲು ಸುತ್ತುವುದಿಲ್ಲ. ಸುನಿಲಕುಮಾರ ಅವರೇ, ನಿಮ್ಮ ಅಜ್ಜ ನನ್ನ ಕೈ ಒರೆಸಿದವರು. ನಿಮಗೆ ಬೇಸರ ಮಾಡುವ ಮನಸ್ಸು ನನಗಿಲ್ಲ. ಸುಮ್ಮನಿದ್ದು ಬೇಸರ ತಪ್ಪಿಸುವುದನ್ನು ಐವತ್ತೈದು ವರ್ಷ ಮಾಡಿದ್ದೇನೆ, ಇನ್ನು ಸಾಕು. ರುಮಾಲನ್ನು ಇದೇ ಭವನದ ಗಾಜಿನ ಕಪಾಟಿನಲ್ಲಿಡಿ. ಪಕ್ಕದಲ್ಲಿ ನನ್ನ ತಾಯಿಯ ಸೀರೆಯನ್ನೂ ಇಡಿ. ಅದನ್ನು ಕೊಡುವುದಕ್ಕೆ ನಾನು ತಯಾರು. ನಿರಿಗೆ ಬಿಚ್ಚಿಯೇ ಇಡಿ, ಎರಡೂ ಕೈ ಕಾಣಲಿ. ಮಕ್ಕಳು ಕೇಳಿದರೆ ಖರೆ ಹೇಳಿ.

ಇನ್ನೊಂದು. ನಾಳೆ ಸೋಮವಾರ. ನಾಳೆ ಮುಂಜಾನೆ ಏಳು ಗಂಟೆಗೆ ನಾನು ಲಕ್ಷ್ಮೀದೇವಿಯ ಮನೆಗೆ ಹೋಗುತ್ತೇನೆ. ಹಿತ್ತಲಿಗಲ್ಲ. ಪಡಸಾಲೆ ದಾಟಿ ಮಗ್ಗದ ಕೋಣೆಗೆ ಹೋಗಿ, ಅವಳು ಹೂಂ ಎಂದರೆ, ಕುಣಿಯೊಳಗೆ ಕಾಲು ಇಳಿಬಿಟ್ಟು ಕೂಡುತ್ತೇನೆ. ಕಾಲು ಈಗ ಎಟುಕುತ್ತವೆ; ಮೊಣಕಾಲು ಮಡಚುತ್ತವೆಯೋ ಇಲ್ಲವೋ ನೋಡಬೇಕು. ಕಂಡಿಕೆ ಸುತ್ತಿಕೊಡುವುದಕ್ಕೆ ಆನಂದ ಒಪ್ಪಿದ್ದಾನೆ. ಲಕ್ಷ್ಮೀದೇವಿಯನ್ನು ಇನ್ನೂ ಕೇಳಿಲ್ಲ. ಈಗ ಕೇಳುತ್ತಿದ್ದೇನೆ, ಎಲ್ಲರ ಎದುರಿಗೆ. ಏನವ್ವಾ, ಕಲಿಸುತ್ತೀಯಾ? ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಾಳೆ. ಉತ್ತರ ನಾಳೆ ಬಾಗಿಲಲ್ಲಿ ಸಿಗಲಿ.

ಸನ್ಮಾನಕ್ಕೆ, ಶಾಲಿಗೆ, ಹಾರಕ್ಕೆ, ಅದರಲ್ಲಿ ಉಳಿದಿರುವ ಹೂವಿಗೆ, ಅಂದು ಓಡಿದ ಗೆಳೆಯನಿಗೆ, ಇಂದು ಕೂತು ಕೇಳಿದ ನಿಮಗೆಲ್ಲರಿಗೂ ನನ್ನ ಕೃತಜ್ಞತೆ. ಒಂದು ಕೋರಿಕೆ: ನಾನು ಕೆಳಗೆ ಇಳಿಯುವಾಗ ದಯವಿಟ್ಟು ಯಾರೂ ಎದ್ದು ನಿಲ್ಲಬೇಡಿ. ನನ್ನ ಹೆಸರು ಗೋಪಣ್ಣ. ಮಹಬೂಬ, ನೀ ಗೋಪ್ಯಾ ಅನ್ನಬಹುದು.

ನಮಸ್ಕಾರ.